ಮೊಡವೆಯೂ ಆಮ್ಲಜನಕವೂ

ಶಿಡ್ಲಘಟ್ಟದ ಸುತ್ತಣ ಹಳ್ಳಿಗಳಲ್ಲಿ ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನ ಬೆಳೆಯ ಚಾಕಿ ಹುಳು ಇನ್ನೂ ಮನೆಗೆ ಬಾರದಿರುವ ನಡುವಣ ದಿನಗಳಲ್ಲಿ ತಪ್ಪದೆ ನಡೆಯುವ ಕೆಲಸವೊಂದಿದೆ. ತಟ್ಟೆ, ಚಂದ್ರಿಕೆಗಳನ್ನೆಲ್ಲ ಹೊರಗಿಟ್ಟು ತೊಳೆದು ಬಿಸಿಲಿಗೆ ಹಾಕುವರು. ನೂರು ಪಾಲು ನೀರಿಗೆ ೨ ಪಾಲು ಬ್ಲೀಚಿಂಗ್ ಪುಡಿಯನ್ನೂ ೦.೩ ಪಾಲು ಅರಳಿಸಿದ ಸುಣ್ಣವನ್ನೂ ಕಲಸಿ, ಹುಳುಮನೆಯ ನೆಲ, ಗೋಡೆ, ಸೂರುಗಳೆಲ್ಲ ತೊಯ್ಯುವಂತೆ ಸಿಂಪಡಿಸುವರು. ಮೂಗನ್ನು ಹಿಂಡುವ ಆ ವಾಸನೆಯನ್ನು ಅರಿಯದ ವಿದ್ಯಾರ್ಥಿ ಆ ತಾಲ್ಲೂಕಿನಲ್ಲಿ ವಿರಳ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಮೊದಲಾದ ಪಿಡುಗುಗಳ ಬೀಜವನ್ನು ಮನೆಯೊಳಗೆ ಉಳಿಯಗೊಡದೆ ಸುಟ್ಟುಬಿಡುವುದೇ ಇದರ ಉದ್ದೇಶ. ಸುಡುವುದು ಎಂದೆನಷ್ಟೆ, ಅಲ್ಲಿ ಬೆಂಕಿಯಿಲ್ಲವಾದರೂ ಮಾತು ತಪ್ಪಲ್ಲ. ಸೌದೆ ಉರಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು, ಬ್ಲೀಚಿಂಗ್ ಪುಡಿ ರೋಗಾಣುವನ್ನು ಕೊಲ್ಲುವುದು, ಇವೆಲ್ಲವೂ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂಬ ಒಂದೇ ಕುಲದ ಕ್ರಿಯೆಗಳು.

ಇದೇ ಕುಲಕ್ಕೆ ಸೇರಿದ, ಆದರೆ ಹದವಾಗಿ ಪಳಗಿಸಿದ ವಸ್ತುವೊಂದನ್ನು ಮನುಷ್ಯನ ಮುಖಕ್ಕೇ ಹಚ್ಚುವುದುಂಟು. ಅದರ ಹೆಸರು ಬೆಂಜಾಯಿಲ್ ಪೆರಾಕ್ಸೈಡ್. ಅದರ ಕೆಲಸ ಮೊಡವೆಯನ್ನು ತಗ್ಗಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಈ ಹೋಲಿಕೆಯನ್ನು ಓದಿ ಯಾರಾದರೂ ಹುಳುಮನೆಯ ಬ್ಲೀಚಿಂಗ್ ಪುಡಿಯನ್ನು ಕೆನ್ನೆಗೆ ಹಚ್ಚಿಕೊಳ್ಳುವ ಸಾಹಸಕ್ಕೆ ಇಳಿಯಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಕುಲ ಒಂದಾದರೂ ಗುಣ ಬೇರೆ. ಅದು ಚರ್ಮವನ್ನೂ ಕಣ್ಣನ್ನೂ ಕೆಡಿಸುವುದು.

ಮೊಡವೆಯನ್ನು ಕುರಿತು ವಿಜ್ಞಾನದ ಮಾಸಪತ್ರಿಕೆಯಲ್ಲಿ ಬರೆಯುವಷ್ಟು ಏನಿದೆ ಎಂದು ಹಿರಿಯ ವಾಚಕರು ಕೇಳಬಹುದು. ಹರೆಯದವರಲ್ಲಿ ನೂರಕ್ಕೆ ೮೦ ಮಂದಿಗಾದರೂ ಒಂದಲ್ಲ ಒಂದು ಕಾಲದಲ್ಲಿ ಇದು ಬರುವುದು. ಬಹುಪಾಲು ಮಂದಿಗೆ ತಾನಾಗಿ ಹೋಗುವುದೂ ನಿಜ. ಆದರೆ ಕೆಲವರ ಮುಖದಲ್ಲಿ ಅದು ಹೋಗುವಾಗ ಗುಳಿಯನ್ನು ಬಿಟ್ಟು ಹೋಗುವುದು. ಆ ಗುಳಿ ಆಯುಷ್ಯವಿಡೀ ಉಳಿಯುವುದು. ನಮ್ಮಂಥ ಕಂದುಬಣ್ಣದ ಚರ್ಮದವರಲ್ಲಿ ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುವುದು. ಹದಿನೇಳು ಹದಿನೆಂಟರ ಪ್ರಾಯದಲ್ಲಿ ಕನ್ನಡಿಯೆಂಬುದು ಎಷ್ಟು ಕಠಿಣವಾದ ಪರೀಕ್ಷಕನೆಂಬುದನ್ನು ನಾವು ದೊಡ್ಡವರು ಬೇಗ ಮರೆಯುತ್ತೇವೆ. ತರಗತಿಯ ಗುಂಪುಚಿತ್ರಕ್ಕೆ ಬಾರದೆ ತಪ್ಪಿಸಿಕೊಳ್ಳುವ, ಮುಖಕ್ಕೆ ಕರವಸ್ತ್ರ ಒತ್ತಿಕೊಂಡೇ ಪ್ರಶ್ನೆ ಕೇಳುವ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ಕಾಣುತ್ತೇನೆ. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ಆ ಸಂಕೋಚದಿಂದ ಯಾರನ್ನೂ ಕೇಳದೆ ಔಷಧಿ ಅಂಗಡಿಯಿಂದ ತಂದುಕೊಳ್ಳುವ ಕೆಲವು ಲೇಪಗಳು. ಅವುಗಳ ವಿಷಯವನ್ನು ಮುಂದೆ ಹೇಳುವೆನು.

ಮೊದಲು ಮೊಡವೆ ಏಳುವ ಬಗೆಯನ್ನು ನೋಡೋಣ. ನಮ್ಮ ಸೀಮೆಯಲ್ಲಿ ಕನ್ನಡ ಮನೆಮಾತಾದವರು ಮೊಡವೆ ಎಂದರೆ, ತೆಲುಗು ಮನೆಮಾತಾದವರು ಮೊಟಿಮೆ ಎನ್ನುವರು. ಮುಖದ ಚರ್ಮದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ೪೦೦ ರಿಂದ ೯೦೦ ರವರೆಗೆ ಜಿಡ್ಡಿನ ಗ್ರಂಥಿಗಳಿವೆ. ಒಂದೊಂದೂ ಕೂದಲು ಹುಟ್ಟುವ ಕುಳಿಯೊಳಕ್ಕೆ ತೆರೆದುಕೊಂಡಿದೆ. ಬಾಲ್ಯದಲ್ಲಿ ಇವು ಬಹುಮಟ್ಟಿಗೆ ನಿದ್ರಿಸುತ್ತಿರುವುವು. ಹರೆಯ ಬಂದಾಗ ಆಂಡ್ರೊಜನ್ ಎಂಬ ಹಾರ್ಮೋನುಗಳು ರಕ್ತದಲ್ಲಿ ಏರಿ ಇವನ್ನು ಎಬ್ಬಿಸುವುವು. ಗಂಡುಹೆಣ್ಣುಗಳಿಬ್ಬರಲ್ಲಿಯೂ ಇದು ನಡೆಯುವುದು. ಜಿಡ್ಡು ಹೆಚ್ಚುವುದು. ಅದೇ ವೇಳೆಗೆ ಕುಳಿಯ ಬಾಯಲ್ಲಿ ಸತ್ತ ಚರ್ಮಕಣಗಳು ಉದುರಿಹೋಗದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಕೂರುವುವು. ಬಾಯಿ ತೆರೆದೇ ಇದ್ದರೆ ಬಿರಡೆಯ ತುದಿ ಕಪ್ಪಾಗಿ ಕಾಣುವುದು. ಅದನ್ನು ಕೊಳೆಯೆಂದು ತಿಳಿದು ಉಜ್ಜಿ ಉಜ್ಜಿ ತೊಳೆಯುವವರಿದ್ದಾರೆ. ಅದು ಕೊಳೆಯಲ್ಲ, ಚರ್ಮದ ವರ್ಣದ್ರವ್ಯವೂ ಗಾಳಿ ಸೋಕಿದ ಜಿಡ್ಡೂ ಕೂಡಿ ಬಂದ ಬಣ್ಣ. ಹೆಚ್ಚಿದ ಮಾವಿನಕಾಯಿ ಹೋಳು ಗಾಳಿಗೆ ಕಂದುವುದಿಲ್ಲವೆ, ಹಾಗೆ.

ಬಿರಡೆ ಬಿದ್ದ ಕುಳಿಯ ಒಳಗೆ ಗಾಳಿಯಾಡದು. ಗಾಳಿಯಿಲ್ಲದ, ಜಿಡ್ಡು ತುಂಬಿದ ಈ ನೆಲೆಯೇ ಒಂದು ಸೂಕ್ಷ್ಮಜೀವಿಗೆ ಹಬ್ಬದ ಮನೆ. ಅದಕ್ಕೆ ಹಿಂದೆ ಪ್ರೊಪಿಯಾನಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಹೆಸರಿದ್ದಿತು. ೨೦೧೬ರಿಂದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎನ್ನುತ್ತಾರೆ. ಇದು ಹೊರಗಿನಿಂದ ಬಂದ ಶತ್ರುವಲ್ಲ. ಎಲ್ಲರ ಚರ್ಮದಲ್ಲಿಯೂ ವಾಸವಾಗಿರುವ ಒಕ್ಕಲು. ಮೊಡವೆ ಒಬ್ಬರಿಂದ ಒಬ್ಬರಿಗೆ ಹರಡುವ ಅಂಟುರೋಗವಲ್ಲವೆಂಬುದಕ್ಕೆ ಇದೇ ಕಾರಣ. ಮುಚ್ಚಿದ ಕುಳಿಯಲ್ಲಿ ಅದು ಮಿತಿಮೀರಿ ಬೆಳೆದು ಜಿಡ್ಡನ್ನು ಒಡೆಯತೊಡಗಿದಾಗ ದೇಹದ ರಕ್ಷಣಾ ವ್ಯವಸ್ಥೆ ಅಲ್ಲಿಗೆ ದಂಡೆತ್ತಿ ಬರುವುದು. ಕೆಂಪು, ಊತ, ನೋವು, ಕೀವು ಇವೆಲ್ಲ ಆ ಯುದ್ಧದ ಗುರುತುಗಳು. ಕುಳಿಯ ಗೋಡೆ ಆಳದಲ್ಲಿ ಒಡೆದರೆ ಗುಳಿಕಲೆ ಉಳಿಯುವುದು. ಉಗುರಿನಿಂದ ಹಿಸುಕುವವರು ಈ ಗೋಡೆಯನ್ನು ತಾವೇ ಒಡೆಯುತ್ತಾರೆ.

ನಮ್ಮಲ್ಲಿ ಮೊಡವೆಗೆ ಹೇಳುವ ಕಾರಣಗಳು ಹಲವು: ಉಷ್ಣವಾಯಿತು, ಎಣ್ಣೆಯ ತಿಂಡಿ ಹೆಚ್ಚಾಯಿತು, ಕೊಳವೆಬಾವಿಯ ನೀರು ಕೆಟ್ಟದು. ಸಕ್ಕರೆ ಬೇಗ ಏರಿಸುವ ಆಹಾರಕ್ಕೂ ಮೊಡವೆಗೂ ತುಸು ನಂಟಿರುವುದನ್ನು ಪ್ರಯೋಗಗಳು ತೋರಿಸಿವೆ. ಬೋಂಡದ ಎಣ್ಣೆ ನೇರವಾಗಿ ಕೆನ್ನೆಗೆ ಬಂದು ಸೇರುವುದೆಂಬುದಕ್ಕೆ ಆಧಾರವಿಲ್ಲ. ನೀರಿನ ವಿಷಯ ಹೇಳುವುದಾದರೆ, ಗೌರಿಬಿದನೂರು, ಚಿಂತಾಮಣಿ ತಾಲ್ಲೂಕುಗಳ ಆಳಬಾವಿಗಳಲ್ಲಿ ಫ್ಲೋರೈಡು ಹೆಚ್ಚಿರುವುದು ನಿಜವಾದ ಸಂಕಟ. ಆದರೆ ಅದು ಹಲ್ಲುಮೂಳೆಗಳ ಸಂಕಟ. ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆಯಾಗದೆ ಚರ್ಮದ ಮೇಲೆ ಉಳಿದು ಒಣಗಿಸೀತು, ಅಷ್ಟೆ. ಮೊಡವೆಯ ಬೇರು ಬಾವಿಯಲ್ಲಿಲ್ಲ, ಗ್ರಂಥಿಯಲ್ಲಿದೆ.

ಈಗ ಔಷಧಿಯ ಕಡೆಗೆ ತಿರುಗೋಣ. ಗಾಳಿಯಿಲ್ಲದೆಡೆ ಸುಖವಾಗಿರುವ ಜೀವಿಯನ್ನು ಹದ್ದಿನಲ್ಲಿಡಬೇಕಾದರೆ ಅದರ ಮನೆಯೊಳಕ್ಕೆ ಆಮ್ಲಜನಕವನ್ನು ಕಳುಹಿಸಬೇಕು. ಯುಕ್ತಿ ಸರಳ, ಕಳುಹಿಸುವುದು ಹೇಗೆ ಎಂಬುದೇ ಪ್ರಶ್ನೆ. ಗಾಯ ತೊಳೆಯುವ ಹೈಡ್ರೊಜನ್ ಪೆರಾಕ್ಸೈಡನ್ನು ಹಚ್ಚಿದರಾಗದೆ? ಆಗದು. ಅದು ನೀರಿನಲ್ಲಿ ಬೆರೆಯುವ ವಸ್ತು; ಜಿಡ್ಡಿನೊಳಗೆ ಇಳಿಯಲೊಲ್ಲದು. ಮೇಲಾಗಿ ನಮ್ಮ ಅಂಗಾಂಶದಲ್ಲಿರುವ ಕೆಟಲೇಸ್ ಎಂಬ ಕಿಣ್ವ ಅದನ್ನು ಕ್ಷಣಮಾತ್ರದಲ್ಲಿ ಒಡೆದು ನೊರೆಯಾಗಿಸಿಬಿಡುವುದು. ಗಾಯದ ಮೇಲೆ ಭುಸುಗುಟ್ಟುವ ಬಿಳಿನೊರೆ ಅದೇ. ಬೆಂಜಾಯಿಲ್ ಪೆರಾಕ್ಸೈಡಿನ ಸೊಗಸು ಇಲ್ಲಿದೆ. ಅದರ ಅಣು ನೀರಿಗೆ ಒಗ್ಗದು, ಜಿಡ್ಡಿಗೆ ಒಗ್ಗುವುದು. ಆದುದರಿಂದ ಶತ್ರುವಿಗೆ ಆಹಾರವಾದ ಜಿಡ್ಡೇ ಅದಕ್ಕೆ ದಾರಿಯಾಗುವುದು.

ಆ ಅಣುವಿನ ರಚನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಎರಡು ತುದಿಗಳಲ್ಲಿ ಆರು ಇಂಗಾಲಗಳ ಒಂದೊಂದು ಬಳೆ; ಒಂದೊಂದು ಬಳೆಗೂ ಅಂಟಿದ ಒಂದೊಂದು ಇಂಗಾಲ-ಆಮ್ಲಜನಕದ ಕೊಂಡಿ; ನಟ್ಟನಡುವೆ ಎರಡು ಆಮ್ಲಜನಕ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ನಿಂತಿವೆ. ಇಡೀ ಅಣುವಿನ ಮರ್ಮ ಆ ಕೈಹಿಡಿತದಲ್ಲಿದೆ, ಏಕೆಂದರೆ ಅದು ಬಲು ದುರ್ಬಲ. ಇಂಗಾಲ-ಜಲಜನಕ ಬಂಧವನ್ನು ಮುರಿಯಲು ಒಂದು ಮೋಲಿಗೆ ಸುಮಾರು ೪೧೦ ಕಿಲೋಜೂಲು, ಇಂಗಾಲ-ಇಂಗಾಲ ಬಂಧಕ್ಕೆ ಸುಮಾರು ೩೫೦ ಕಿಲೋಜೂಲು ಬೇಕು. ಈ ಆಮ್ಲಜನಕ-ಆಮ್ಲಜನಕ ಬಂಧಕ್ಕೆ ೧೨೫ರ ಆಸುಪಾಸು ಸಾಕು. ಭೌತಶಾಸ್ತ್ರದ ವಿದ್ಯಾರ್ಥಿಗಳು ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು: ಕೋಣೆಯ ಉಷ್ಣತೆಯಲ್ಲಿ ಅಣುಗಳ ತಳಮಳದ ಶಕ್ತಿ ಮೋಲಿಗೆ ಸುಮಾರು ೨.೫ ಕಿಲೋಜೂಲು. ಬಂಧದ ಬಲ ಅದರ ೫೦ ಪಟ್ಟು. ಹಾಗಾಗಿ ಅಣು ಟ್ಯೂಬಿನೊಳಗೆ ತಿಂಗಳುಗಟ್ಟಲೆ ತಾಳಿಕೊಂಡಿರುವುದು. ಆದರೆ ಚರ್ಮದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲದಂಥ ಜೊತೆಗಾರ ಸಿಕ್ಕೊಡನೆ ಮುರಿದುಬೀಳುವುದು. ೪೧೦ರ ಬಂಧವಾಗಿದ್ದರೆ ಅದು ಒಡೆಯುವಂತೆಯೇ ಇರಲಿಲ್ಲ, ಔಷಧಿಯೂ ಆಗುತ್ತಿರಲಿಲ್ಲ.

ಮುರಿದಾಗ ಹುಟ್ಟುವುವು ಮುಕ್ತ ರಾಡಿಕಲ್‌ಗಳು, ಎಂದರೆ ಜೋಡಿಯಿಲ್ಲದ ಒಂದು ಎಲೆಕ್ಟ್ರಾನನ್ನು ಹೊತ್ತ ತುಣುಕುಗಳು. ಜೋಡಿಗಾಗಿ ಅವು ಎದುರಿಗೆ ಸಿಕ್ಕಿದುದನ್ನು ಕಿತ್ತುಕೊಳ್ಳುವುವು. ಸೂಕ್ಷ್ಮಜೀವಿಯ ಪ್ರೋಟೀನುಗಳು ಹೀಗೆ ಉತ್ಕರ್ಷಣಗೊಂಡು ಕೆಡುವುವು. ಅದರ ಸಂಖ್ಯೆ ಬಹುಮಟ್ಟಿಗೆ ತಗ್ಗುವುದು. ಕುಳಿಯ ಬಾಯಲ್ಲಿ ಅಂಟಿಕೊಂಡ ಚರ್ಮಕಣಗಳೂ ಸ್ವಲ್ಪ ಸಡಿಲವಾಗಿ ಉದುರುವುವು. ಕೆಲಸ ಮುಗಿದ ಮೇಲೆ ಉಳಿಯುವುದು ಬೆಂಜಾಯಿಕ್ ಆಮ್ಲ. ಅದು ನಮಗೆ ಅಪರಿಚಿತವಲ್ಲ. ಅದರ ಸೋಡಿಯಂ ಲವಣವನ್ನೇ ಉಪ್ಪಿನಕಾಯಿ, ಹಣ್ಣಿನ ಪಾನಕಗಳು ಕೆಡದಂತೆ ಸೇರಿಸುವುದು. ಚರ್ಮದ ಮೂಲಕ ರಕ್ತಕ್ಕೆ ಸೇರಿದ ಸ್ವಲ್ಪ ಭಾಗವೂ ಮೂತ್ರದಲ್ಲಿ ಹೊರಹೋಗುವುದು.

ಇಷ್ಟಕ್ಕಿಂತಲೂ ನನಗೆ ಹೆಚ್ಚು ಮುಖ್ಯವೆಂದು ತೋರುವ ಸಂಗತಿಯೊಂದಿದೆ. ಮೊಡವೆಗೆ ಕ್ಲಿಂಡಾಮೈಸಿನ್, ಎರಿತ್ರೋಮೈಸಿನ್ ಮೊದಲಾದ ಪ್ರತಿಜೀವಕಗಳನ್ನೂ ಹಚ್ಚುವುದುಂಟು. ಪ್ರತಿಜೀವಕವು ಸೂಕ್ಷ್ಮಜೀವಿಯ ಯಂತ್ರದಲ್ಲಿ ಒಂದು ಗೊತ್ತಾದ ಎಡೆಯನ್ನು, ಬೀಗಕ್ಕೆ ಬೀಗದ ಕೈ ಹೊಂದುವಂತೆ ಹೊಂದಿ ಹಿಡಿಯುವುದು. ಕೋಟ್ಯಂತರ ಜೀವಿಗಳಲ್ಲಿ ಎಲ್ಲೋ ಒಂದರ ಬೀಗ ಹುಟ್ಟಿನಿಂದಲೇ ತುಸು ಬೇರೆಯಾಗಿದ್ದರೆ ಸಾಕು. ಅದು ಉಳಿಯುವುದು, ಅದರ ಸಂತತಿ ಹೆಚ್ಚುವುದು, ಕೆಲವು ತಿಂಗಳಲ್ಲಿ ಔಷಧಿ ಕೆಲಸಕ್ಕೆ ಬಾರದಾಗುವುದು. ಮುಕ್ತ ರಾಡಿಕಲ್‌ಗೆ ಬೀಗವೂ ಇಲ್ಲ, ಕೈಯೂ ಇಲ್ಲ. ಅದು ಬಾಗಿಲನ್ನೇ ಸುಡುವ ಉಪಾಯ. ಸುಟ್ಟುಹೋಗದಂತೆ ಬದಲಾಗುವುದು ಸೂಕ್ಷ್ಮಜೀವಿಗೆ ಸುಲಭವಲ್ಲ. ಅರ್ಧ ಶತಮಾನಕ್ಕೂ ಮೀರಿ ಬಳಕೆಯಲ್ಲಿದ್ದರೂ ಈ ಔಷಧಿಗೆ ಬಗ್ಗದ ಮೊಡವೆಯ ಸೂಕ್ಷ್ಮಜೀವಿಗಳ ತಳಿ ತಲೆದೋರಿಲ್ಲ. ಶಿಡ್ಲಘಟ್ಟದ ರೈತ ಬೆಳೆ ಬೆಳೆಗೂ ಅದೇ ಬ್ಲೀಚಿಂಗ್ ಪುಡಿಯನ್ನು ಸಿಂಪಡಿಸಿ ಫಲ ಪಡೆಯುತ್ತಿರುವುದಕ್ಕೂ ಇದಕ್ಕೂ ಕಾರಣ ಒಂದೇ. ಈಚಿನ ವೈದ್ಯರು ಪ್ರತಿಜೀವಕದ ಲೇಪವನ್ನು ಒಂಟಿಯಾಗಿ ಬರೆದುಕೊಡದೆ ಬೆಂಜಾಯಿಲ್ ಪೆರಾಕ್ಸೈಡನ್ನು ಜೊತೆಗಿಡಲು ಇಚ್ಛಿಸುವುದೂ ಇದರಿಂದಲೇ.

ಈ ವಸ್ತುವನ್ನು ಬೇರಿಯಂ ಪೆರಾಕ್ಸೈಡಿನ ನೆರವಿನಿಂದ ಮೊದಲು ತಯಾರಿಸಿದುದು ೧೮೫೮ರಲ್ಲಿ. ಅರ್ಧ ಶತಮಾನದ ಬಳಿಕ, ೧೯೦೫ರಲ್ಲಿ, ಲೊವೆನ್‌ಹಾರ್ಟ್ ಎಂಬ ಅಮೆರಿಕದ ವಿಜ್ಞಾನಿ ಇದರ ವೈದ್ಯಕೀಯ ಗುಣಗಳನ್ನು ಕುರಿತು ಬರೆದನು. ಹುಣ್ಣುಗಳಿಗೆ ಅಲ್ಲಲ್ಲಿ ಬಳಸಿದರು. ಮೊಡವೆಗೆ ಒದಗುವ ಲೇಪವಾಗಿ ಇದು ಹೆಸರಾದುದು ೧೯೬೦ರ ದಶಕದಲ್ಲಿ. ಗಂಧಕದೊಡನೆ ಇದನ್ನು ಬೆರೆಸಿ ಪಡೆದ ಫಲವನ್ನು ಕೆನಡಾದ ವೈದ್ಯ ಪೇಸ್ ೧೯೬೫ರಲ್ಲಿ ಪ್ರಕಟಿಸಿದನು. ಈ ನಡುವೆ ಇದೇ ವಸ್ತು ಬೇರೆ ಬೇರೆ ವೇಷಗಳಲ್ಲಿ ಲೋಕಸಂಚಾರ ಮಾಡಿತು. ಹಲವು ದೇಶಗಳಲ್ಲಿ ಹಿಟ್ಟನ್ನು ಬೆಳ್ಳಗೆ ಮಾಡಲು ಬಳಸಿದರು. ಯೂರೋಪಿನಲ್ಲಿ ಅದಕ್ಕೆ ನಿಷೇಧ ಬಂದಿದೆ. ಚಿಂತಾಮಣಿಯ ರಸ್ತೆಬದಿಯ ಷೆಡ್ಡಿನಲ್ಲಿ ಕಾರಿನ ಗುಳಿಬಿದ್ದ ತಗಡಿಗೆ ಪುಟ್ಟಿ ಮೆತ್ತುವಾಗ ಕಡಲೆಕಾಳಿನಷ್ಟು ಹಾರ್ಡನರ್ ಕಲಸುವರಲ್ಲ, ಆ ಕೆಂಪು ಲೇಪದಲ್ಲಿ ಸಾಮಾನ್ಯವಾಗಿ ಇರುವುದೂ ಬೆಂಜಾಯಿಲ್ ಪೆರಾಕ್ಸೈಡೇ. ಅಲ್ಲಿ ಮುಕ್ತ ರಾಡಿಕಲ್‌ಗಳು ಚಿಕ್ಕ ಅಣುಗಳನ್ನು ಸರಪಳಿಯಾಗಿ ಹೆಣೆದು ಪುಟ್ಟಿಯನ್ನು ಗಟ್ಟಿ ಮಾಡುವುವು. ದಂತವೈದ್ಯರು ಕಟ್ಟಿಕೊಡುವ ಹಲ್ಲುಸೆಟ್ಟಿನ ಗುಲಾಬಿ ಒಸಡು ಗಟ್ಟಿಯಾಗುವುದೂ ಹೀಗೆಯೇ. ಶುದ್ಧರೂಪದಲ್ಲಿ ಇದು ಕಾಯಿಸಿದರೆ, ಕುಟ್ಟಿದರೆ ಸಿಡಿಯುವ ಅಪಾಯದ ಪುಡಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ತಯಾರಿಸಿ ನೋಡುವ ಕುತೂಹಲ ಬೇಡ. ಔಷಧಿಯ ಟ್ಯೂಬಿನಲ್ಲಿ ನೀರುಳ್ಳ ಜೆಲ್ಲಿನೊಳಗೆ ಅಲ್ಪಪ್ರಮಾಣದಲ್ಲಿ ಹರಡಿರುವುದರಿಂದ ಆ ಭಯವಿಲ್ಲ.

ಅಂಗಡಿಯಲ್ಲಿ ಇದು ಶೇಕಡ ೨.೫, ೫, ೧೦ರ ಪ್ರಮಾಣಗಳಲ್ಲಿ ದೊರೆಯುವುದು. ಹೆಚ್ಚು ಅಂಕಿ ಕಂಡರೆ ಹೆಚ್ಚು ಗುಣವೆಂದು ನಂಬುವುದು ನಮ್ಮ ಸ್ವಭಾವ. ವಿದ್ಯಾರ್ಥಿಗಳಂತೂ ಅಂಕಿಗೆ ಸೋತವರು. ಆದರೆ ಮಿಲ್ಸ್, ಕ್ಲಿಗ್‌ಮನ್ ಮೊದಲಾದವರು ೧೯೮೬ರಲ್ಲಿ ಈ ಮೂರನ್ನೂ ಹೋಲಿಸಿ ನೋಡಿದಾಗ, ಕೆಂಪಾದ ಮೊಡವೆಗಳನ್ನು ತಗ್ಗಿಸುವುದರಲ್ಲಿ ೨.೫ರ ಜೆಲ್ ಉಳಿದೆರಡಕ್ಕೆ ಸಮನಾಗಿಯೇ ನಿಂತಿತು. ೧೦ರದರಲ್ಲಿ ಉರಿ, ಸಿಪ್ಪೆಯೇಳುವುದು ಮಾತ್ರ ಅದಕ್ಕಿಂತ ಹೆಚ್ಚಾಗಿ ಕಂಡವು. ತುಂಬಿದ ಬಸ್ಸಿಗೆ ಇನ್ನಷ್ಟು ಜನ ಓಡಿಬಂದರೆ ಊರು ತಲಪುವವರ ಸಂಖ್ಯೆ ಹೆಚ್ಚುವುದಿಲ್ಲ, ನೂಕುನುಗ್ಗಲು ಹೆಚ್ಚುವುದು.

ಹಚ್ಚುವ ಕ್ರಮವೂ ಇದಕ್ಕೆ ತಕ್ಕಂತೆ ಮಿತವಾಗಿರಬೇಕು. ಮೊದಲು ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲಿಯೋ ಸ್ವಲ್ಪ ಹಚ್ಚಿ ಎರಡು ಮೂರು ದಿನ ನೋಡುವುದು. ಮುಖ ಊದಿದರೆ, ತುರಿಕೆ ದದ್ದುಗಳೆದ್ದರೆ ಅದು ಕೆಲವೇ ಮಂದಿಗೆ ಬರುವ ಒಗ್ಗದಿಕೆ, ಅಂಥವರು ಬಿಟ್ಟುಬಿಡತಕ್ಕದ್ದು. ಒಗ್ಗಿದರೆ ರಾತ್ರಿ ಮುಖ ತೊಳೆದು ಚೆನ್ನಾಗಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟನ್ನು, ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, ತೆಳ್ಳಗೆ ಸವರುವುದು. ಎದ್ದ ಗುಳ್ಳೆಯ ತಲೆಗೆ ಮಾತ್ರ ಬೊಟ್ಟಿಟ್ಟರೆ ಸಾಲದು. ನಾಳೆ ಏಳಲಿರುವ ಗುಳ್ಳೆ ಇಂದು ಕಣ್ಣಿಗೆ ಕಾಣದ ಬಿರಡೆಯಾಗಿ ಪಕ್ಕದಲ್ಲೇ ಇದೆ. ಮೊಡವೆ ಏಳುವ ಇಡೀ ಪ್ರದೇಶಕ್ಕೆ ಹಚ್ಚಬೇಕು. ಕಣ್ಣಿನ ಸುತ್ತ, ತುಟಿ, ಮೂಗಿನ ಹೊಳ್ಳೆಗಳಿಗೆ ತಾಕಿಸಬಾರದು. ಮೊದಮೊದಲು ಚರ್ಮ ಒಣಗುವುದು, ಚುರುಗುಟ್ಟುವುದು ಸಹಜ. ಹಗಲು ಹೊರಗೆ ತಿರುಗುವವರು ಬಿಸಿಲಿಗೆ ಮರೆ ಹಿಡಿಯುವುದು ಒಳಿತು. ವೈದ್ಯರು ಟ್ರೆಟಿನೊಯಿನ್ ಎಂಬ ಲೇಪವನ್ನೂ ಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ಹಚ್ಚಬಾರದು. ನಮ್ಮ ಪೆರಾಕ್ಸೈಡು ಅದನ್ನೂ ಉತ್ಕರ್ಷಿಸಿ ಕೆಡಿಸುವುದುಂಟು.

ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯುವುದು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ಕಳೆದು ಹಣ್ಣಾಗಲು ಇಪ್ಪತ್ತೈದು ದಿನಗಳ ಆಸುಪಾಸು. ಅಂಥ ಎರಡು ಮೂರು ಬೆಳೆಯಷ್ಟು ಕಾಲ. ಬಹುಮಂದಿ ಹತ್ತನೆಯ ದಿನವೇ ಟ್ಯೂಬನ್ನು ಎಸೆಯುತ್ತಾರೆ. ಇಲ್ಲಿ ಅಳತೆಯ ಒಂದು ತೊಡಕೂ ಇದೆ. ಮೊಡವೆಗಳು ಔಷಧಿಯಿದ್ದರೂ ಇಲ್ಲದಿದ್ದರೂ ದಿನದಿಂದ ದಿನಕ್ಕೆ ಏರಿ ಇಳಿಯುವುವು. ಇಂದು ಕನ್ನಡಿಯಲ್ಲಿ ಕಂಡುದನ್ನು ನಿನ್ನೆಯದಕ್ಕೆ ಹೋಲಿಸಿದರೆ ಏನೂ ತಿಳಿಯದು. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ ೧೯೭೦ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ಆಕಾಶದಿಂದ ಬರುವ ಕ್ಷೀಣ ಸಂಕೇತ ಅಲ್ಲಿ ಗದ್ದಲದೊಳಗೆ ಹುದುಗಿರುವುದು. ಬಹುಕಾಲದ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಗದ್ದಲ ತನ್ನನ್ನು ತಾನೇ ಅಳಿಸಿಕೊಂಡು ಸಂಕೇತ ಮೇಲೇಳುವುದು. ಮುಖದ ವಿಷಯದಲ್ಲಿಯೂ ಇದೇ ನ್ಯಾಯ. ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ, ಗುಳ್ಳೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡಿರಿ. ಎಂಟು ವಾರಗಳ ಬಳಿಕ ಮೊದಲ ನಾಲ್ಕರ ಸರಾಸರಿಯನ್ನು ಕೊನೆಯ ನಾಲ್ಕರೊಡನೆ ಹೋಲಿಸಿರಿ. ಕನ್ನಡಿಗಿಂತ ಈ ಲೆಕ್ಕ ಪ್ರಾಮಾಣಿಕವಾದುದು. ಆಳವಾದ ಗಂಟುಗಳೆದ್ದು ನೋಯುತ್ತಿದ್ದರೆ, ಕಲೆ ಬೀಳತೊಡಗಿದ್ದರೆ ಮಾತ್ರ ಎಣಿಸುತ್ತ ಕೂರದೆ ಚರ್ಮವೈದ್ಯರನ್ನು ಕಾಣತಕ್ಕದ್ದು. ಅದಕ್ಕೆ ಬೇರೆ ಬಲವಾದ ಔಷಧಿಗಳುಂಟು, ಅವು ವೈದ್ಯರ ಕಣ್ಣಳತೆಯಲ್ಲಿಯೇ ನಡೆಯಬೇಕು.

ತಾಳ್ಮೆಗೆಟ್ಟವರನ್ನು ಕಾದುಕೊಂಡಿರುವ ಅಪಾಯವನ್ನು ಇನ್ನು ಹೇಳುತ್ತೇನೆ. ಅಂಗಡಿಯಲ್ಲಿ “ಮೊಡವೆಗೆ ಒಂದು ಕ್ರೀಮು ಕೊಡಿ” ಎಂದರೆ ಕೆಲವೊಮ್ಮೆ ಕೈಗೆ ಬರುವುದು ಸ್ಟೀರಾಯ್ಡ್ ಬೆರೆತ ಲೇಪ. ಗೆಳತಿ ಹೇಳಿದಳು, ಅಣ್ಣನ ಗೆಳೆಯ ಹಚ್ಚುತ್ತಾನೆ ಎಂದೂ ಇದು ಮನೆಯಿಂದ ಮನೆಗೆ ಸಾಗುವುದು. ಇದರ ಮೋಡಿ ಏನೆಂದರೆ, ಸ್ಟೀರಾಯ್ಡು ದೇಹದ ರಕ್ಷಣಾ ದಂಡನ್ನೇ ತಡೆಹಿಡಿಯುವುದರಿಂದ ಮೂರು ದಿನಗಳಲ್ಲಿ ಕೆಂಪು ಇಳಿದು ಮುಖ ತಿಳಿಯಾಗುವುದು. ಶತ್ರು ಹಾಗೆಯೇ ಇದ್ದಾನೆ, ಕಾವಲುಗಾರ ಮಲಗಿದ್ದಾನೆ, ಅಷ್ಟೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುವುದು, ಸಣ್ಣ ರಕ್ತನಾಳಗಳು ಮೇಲೆ ಕಾಣುವುವು, ಹೆಣ್ಣುಮಕ್ಕಳ ಮುಖದಲ್ಲಿಯೂ ಕೂದಲು ಹೆಚ್ಚುವುದು. ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುವಂತಾಗುವುದು. ಸ್ಟೀರಾಯ್ಡಿನಿಂದ ಕೆಟ್ಟ ಮುಖವೆಂಬುದಕ್ಕೆ ನಮ್ಮ ದೇಶದ ಚರ್ಮವೈದ್ಯರೇ ಪ್ರತ್ಯೇಕ ಹೆಸರೊಂದನ್ನು ಕೊಡಬೇಕಾಯಿತು. ಭಾರತದ ೧೨ ಕೇಂದ್ರಗಳಲ್ಲಿ ಮುಖದ ಚರ್ಮರೋಗಕ್ಕಾಗಿ ಬಂದ ೨೯೨೬ ಮಂದಿಯನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೪೩೩ ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ತಿಳಿದುಬಂತು. ಅವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದುಷ್ಪರಿಣಾಮ ಯಾವುದೆಂದುಕೊಂಡಿರಿ? ಮೊಡವೆ ಏಳುವುದು, ಇದ್ದ ಮೊಡವೆ ಕೆರಳುವುದು! ೨೦೧೮ರಲ್ಲಿ ಕೇಂದ್ರ ಸರಕಾರ ೧೪ ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ನಿಯಮ ಪುಸ್ತಕದಲ್ಲಿದೆ, ಕೊಳ್ಳುವವರ ಕಣ್ಣು ಟ್ಯೂಬಿನ ಮೇಲಿರಬೇಕು. ಬೆಟಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಲ್ಲೊಂದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಕಂಡರೆ, ಅದು ಮೊಡವೆಯ ಔಷಧಿಯಲ್ಲ. ಮುಂಬದಿಯಲ್ಲಿ ಎಷ್ಟು ಬೆಳ್ಳಗಿನ ಮುಖದ ಚಿತ್ರವಿದ್ದರೂ ಅಲ್ಲ.

ಬೆಂಜಾಯಿಲ್ ಪೆರಾಕ್ಸೈಡಿಗೂ ಒಂದು ದೌರ್ಬಲ್ಯವಿದೆ, ಅದೇ ದುರ್ಬಲ ಬಂಧದಿಂದ ಹುಟ್ಟಿದುದು. ಅದನ್ನು ತಕ್ಕ ದ್ರಾವಣದಲ್ಲಿಟ್ಟು ಕಾಯಿಸಿದರೆ ೯೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ಒಂದು ಗಂಟೆಗೆ ಅರ್ಧ ಭಾಗ ಒಡೆದುಹೋಗುವುದು. ೭೩ ಡಿಗ್ರಿಯಲ್ಲಿ ಅದಕ್ಕೆ ಹತ್ತು ಗಂಟೆ ಬೇಕು. ಈ ಎರಡು ಅಂಕಿಗಳಿಂದ ಲೆಕ್ಕ ಕಟ್ಟಿದರೆ, ಉಷ್ಣತೆ ೩೦ರಿಂದ ೫೦ಕ್ಕೆ ಏರಿದಾಗ ಒಡೆಯುವ ವೇಗ ಸುಮಾರು ಇಪ್ಪತ್ತು ಪಟ್ಟಾಗುವುದು. ಟ್ಯೂಬಿನಲ್ಲಿ ಇದು ಕರಗದ ಸಣ್ಣ ಹರಳುಗಳಾಗಿ ಇರುವುದರಿಂದ ಅಷ್ಟು ಬೇಗ ಕೆಡದು. ಆದರೂ ಬಿಸಿ ಹೆಚ್ಚಿದಷ್ಟೂ ಒಡೆಯುವುದು ಹೆಚ್ಚು. ಒಡೆದ ತುಣುಕುಗಳಿಂದ ಬೆಂಜೀನ್ ಹುಟ್ಟಬಹುದು. ಅದು ಕ್ಯಾನ್ಸರಿಗೆ ಎಡೆಮಾಡುವ ವಸ್ತು. ೨೦೨೪ರಲ್ಲಿ ಅಮೆರಿಕದ ಖಾಸಗಿ ಪರೀಕ್ಷಾಲಯವೊಂದು ಈ ಸಂಗತಿಯನ್ನು ಮುಂದಿಟ್ಟು ಗಾಬರಿ ಹುಟ್ಟಿಸಿತು. ಅಲ್ಲಿಯ ಸರಕಾರದ ಔಷಧಿ ನಿಯಂತ್ರಣ ಸಂಸ್ಥೆ ೯೫ ಸರಕುಗಳನ್ನು ಪರೀಕ್ಷೆಗೆ ಒಳಪಡಿಸಿ ೨೦೨೫ರ ಮಾರ್ಚಿಯಲ್ಲಿ ಫಲವನ್ನು ಹೊರಗೆಡವಿತು: ನೂರಕ್ಕೆ ೯೦ಕ್ಕೂ ಮಿಕ್ಕಿದವುಗಳಲ್ಲಿ ಬೆಂಜೀನ್ ಇರಲೇ ಇಲ್ಲ, ಅಥವಾ ಅತ್ಯಲ್ಪವಾಗಿದ್ದಿತು, ಹೆಚ್ಚಾಗಿ ಕಂಡ ಕೆಲವನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಂಡರು. ಭಯಕ್ಕೆ ಕಾರಣವಿಲ್ಲ, ಅಜಾಗರೂಕತೆಗೂ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ನಂದಿಬೆಟ್ಟದ ತಂಪು ಎಲ್ಲ ಕಾಲದಲ್ಲಿಯೂ ಕೆಳಗಿಳಿದು ಬರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲೇ ೩೫ ಡಿಗ್ರಿ ಮುಟ್ಟುವ ದಿನಗಳುಂಟು, ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಪೆಟ್ಟಿಗೆಯೊಳಗೆ ೫೦ ಆಗುವುದು ಆಶ್ಚರ್ಯವಲ್ಲ. ಟ್ಯೂಬನ್ನು ಅಲ್ಲಿ, ಕಿಟಕಿಯ ಅಂಚಿನಲ್ಲಿ, ಒಲೆಯ ಗೂಡಿನ ಪಕ್ಕದಲ್ಲಿ ಇಡಬಾರದು. ತಂಪಾದ ಕತ್ತಲಿನ ಬೀರು ಸಾಕು. ಗಡುವಿನ ತಿಂಗಳು ಕಳೆದುದನ್ನು ಉಳಿತಾಯದ ಆಸೆಯಿಂದ ಹಚ್ಚುವುದು ಬೇಡ.

ಇದನ್ನು ಹಚ್ಚಿದರೆ ಮುಖ ಬೆಳ್ಳಗಾಗುವುದೇ ಎಂದು ಹಲವರು ಕೇಳುವುದುಂಟು. ಆಗದು. ಕೂದಲಿನ ಬಣ್ಣವನ್ನು, ಬಟ್ಟೆಯ ಬಣ್ಣವನ್ನು ಇದು ತೆಗೆಯಬಲ್ಲುದು. ಚರ್ಮದ ಬಣ್ಣ ಆಳದ ಪದರಗಳಲ್ಲಿ ದಿನದಿನವೂ ಹೊಸದಾಗಿ ತಯಾರಾಗುತ್ತಿರುವುದರಿಂದ ಅದು ಇದರ ಕೈಗೆ ಸಿಕ್ಕುವುದಿಲ್ಲ. ಬಟ್ಟೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಬಣ್ಣದ ಟವೆಲ್ಲು, ದಿಂಬಿನ ಗವುಸು, ರೇಷ್ಮೆಯ ಕುಪ್ಪಸದ ಕೊರಳು, ಎಲ್ಲಿ ತಾಕಿದರೂ ಅಲ್ಲೊಂದು ಬಿಳಿಯ ಮಚ್ಚೆ. ಎಷ್ಟು ಒಗೆದರೂ ಅದು ಹೋಗದು, ಏಕೆಂದರೆ ಅಲ್ಲಿ ಕಲೆ ಬಿದ್ದಿಲ್ಲ, ಬಣ್ಣವೇ ಸುಟ್ಟುಹೋಗಿದೆ. ರಾತ್ರಿ ಹಚ್ಚಿ ಮಲಗುವವರು ಬಿಳಿಯ ಗವುಸನ್ನೇ ಹಾಕಿಕೊಳ್ಳುವುದು ಲೇಸು.